ವೇದಾವತಿಯ ಜಾಡಿನಲ್ಲಿ ಡೇರೆಯ ಸಂಚಾರ

ಮಾರಿಕಣಿವೆಯ ಜಲಾಶಯವು ಕೋಡಿ ಬಿದ್ದಿತೆಂಬ ವಾರ್ತೆಯು 2025ನೆಯ ಜನವರಿಯಲ್ಲಿ ನಾಗಸಂದ್ರದ ನಮ್ಮ ಮನೆಗೆ ಮುಟ್ಟಿದ ದಿನವೇ ಪ್ರಯಾಣವು ನಿಶ್ಚಯವಾಯಿತು. 1907ರಲ್ಲಿ ಕಟ್ಟಡವು ಪೂರ್ಣವಾದ ಆ ಜಲಾಶಯವು ಅದಕ್ಕೆ ಮೊದಲು ಕೋಡಿ ಹರಿದುದು ಎರಡೇ ಬಾರಿ: 1933ರಲ್ಲಿ ಮತ್ತು 2022ರಲ್ಲಿ. ನಮ್ಮ ಗೃಹಿಣಿಯ ತವರು ಹಿರಿಯೂರಿನ ಸೀಮೆ. ಮೊದಲನೆಯ ಕೋಡಿಯ ವೃತ್ತಾಂತವನ್ನು ಆಕೆ ಅಜ್ಜನ ಬಾಯಿಂದ ಕೇಳಿ ಬೆಳೆದವಳು. ಎರಡನೆಯದರ ಕಾಲಕ್ಕೆ ಮೊಣಕಾಲಿನ ಬೇನೆಯಿಂದ ಹಾಸಿಗೆ ಹಿಡಿದಿದ್ದಳು. ಮೂರನೆಯದನ್ನೂ ಬಿಟ್ಟರೆ ಮುಂದಿನದು ಯಾವ ಕಾಲಕ್ಕೋ!

ನೀರನ್ನು ನೋಡುವುದಾದರೆ ಅದು ಹುಟ್ಟುವ ಗಿರಿಯಿಂದ ಮೊದಲುಮಾಡುವುದು ಯುಕ್ತವೆಂದು ನಾವು ಸೂಚಿಸಿದೆವು. ಹಳೆಯ ಮೋಟಾರು, ಇಬ್ಬರು ಮಲಗುವಷ್ಟು ಡೇರೆ, ಎರಡು ಜಮಖಾನ, ಸಣ್ಣ ಗ್ಯಾಸ್ ಒಲೆ, ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಇಷ್ಟೇ ಸಾಮಗ್ರಿ. "ಈ ವಯಸ್ಸಿನಲ್ಲಿ ಡೇರೆಯೇ, ಅಪ್ಪಾ?" ಎಂದ ಮಗನು ಗಿರಿಯ ತಪ್ಪಲಿನ ವಿಹಾರಗೃಹಗಳ ಒಂದು ರಾತ್ರಿಯ ಬಾಡಿಗೆಯನ್ನು ತಾನೇ ವಿಚಾರಿಸಿದ ಮೇಲೆ ಸುಮ್ಮನಾದನು.

ಸಂಕ್ರಾಂತಿ ಕಳೆದ ವಾರ ಬೆಳಗಿನ ಜಾವಕ್ಕೆ ಹೊರಟು, ನೆಲಮಂಗಲ, ಕುಣಿಗಲು, ಹಾಸನಗಳ ಮಾರ್ಗವಾಗಿ ಮಧ್ಯಾಹ್ನಕ್ಕೆ ಚಿಕ್ಕಮಗಳೂರನ್ನು ಸೇರಿದೆವು. ಮುಳ್ಳಯ್ಯನಗಿರಿಯು ಸಮುದ್ರಮಟ್ಟದಿಂದ 1,930 ಮೀಟರು ಎತ್ತರವಿದ್ದು, ಕರ್ನಾಟಕದ ಶಿಖರಗಳಲ್ಲೆಲ್ಲ ಉನ್ನತವಾದುದು. ಗೃಹಿಣಿಯು ಹತ್ತು ಮೆಟ್ಟಿಲಿಗೊಮ್ಮೆ ಕುಳಿತು ಕಡೆಗೂ ಏರಿದಳು. ಮೇಲೆ ಗಾಳಿಯು ಶಾಲನ್ನು ಕಿತ್ತುಕೊಳ್ಳುವಂತಿತ್ತು. ಕೆಳಗೆ ದೂರದಲ್ಲಿ ಕೆರೆಗಳು ಕಂಚಿನ ತಟ್ಟೆಗಳಂತೆ ಹೊಳೆಯುತ್ತಿದ್ದುವು.

ಅರಣ್ಯದಲ್ಲಾಗಲಿ ಕೆರೆಯ ಏರಿಯ ಮೇಲಾಗಲಿ ಬಿಡಾರ ಹೂಡುವುದು ಉಚಿತವಲ್ಲ. ಆದುದರಿಂದ ಸಖರಾಯಪಟ್ಟಣದ ಬಳಿ ಒಬ್ಬ ರೈತರ ತೆಂಗಿನ ತೋಟದಲ್ಲಿ ಅಪ್ಪಣೆ ಕೇಳಿದೆವು. "ಒಳಗೆ ಮಂಚವಿದೆ, ಮೇಷ್ಟ್ರೇ, ಬಟ್ಟೆಯೊಳಗೆ ಯಾಕೆ ಮಲಗ್ತೀರಿ?" ಎಂದು ಆ ಪುಣ್ಯಾತ್ಮರು ನಕ್ಕರು. ಕೊಟ್ಟ ಹಣವನ್ನು ಮುಟ್ಟಲಿಲ್ಲ. ಹೊರಡುವಾಗ ನಾಲ್ಕು ಎಳನೀರನ್ನೂ ಮೋಟಾರಿನಲ್ಲಿಟ್ಟರು. ರಾತ್ರಿಯ ಮಂಜು ಡೇರೆಯ ಮೇಲಿನಿಂದ ಮುಂಜಾನೆಯವರೆಗೂ ತೊಟ್ಟಿಕ್ಕುತ್ತಿತ್ತು.

ಮರುದಿನ ಅಯ್ಯನಕೆರೆ. ಸುತ್ತಲೂ ಬೆಟ್ಟಗಳು, ನಡುವೆ ಅಲೆಯೇಳುವ ನೀರು. ರುಕ್ಮಾಂಗದರಾಯನು ಕಟ್ಟಿಸಿದನೆಂದೂ 1156ರಲ್ಲಿ ಹೊಯ್ಸಳರ ಕಾಲಕ್ಕೆ ಜೀರ್ಣೋದ್ಧಾರವಾಯಿತೆಂದೂ ಹೇಳುವರು. ಸಪ್ತಸಂತಾನಗಳಲ್ಲಿ ತಟಾಕವನ್ನು ಎಣಿಸಿದ ನಮ್ಮ ಪೂರ್ವಿಕರು ಇಂತಹುದನ್ನು ಕಂಡೇ ಎಣಿಸಿರಬೇಕು. ಜನರಲ್ಲಿ ಒಂದು ಕಥೆಯುಂಟು. ಏರಿಯು ಒಡೆಯುವುದೆಂದು ಗಂಗಮ್ಮನು ನೀರಗಂಟಿಗೆ ತಿಳಿಸಿದಳಂತೆ. ತಾನು ದೊರೆಗೆ ತಿಳಿಸಿ ಹಿಂದಿರುಗುವವರೆಗೆ ತಡೆಯಬೇಕೆಂದು ಅವನು ಬೇಡಿ, ವಚನ ಪಡೆದು ಓಡಿದನಂತೆ. ದೊರೆಯು, ಇವನು ಹಿಂದಿರುಗದಿದ್ದರೆ ಕೆರೆಯು ಎಂದೆಂದಿಗೂ ಉಳಿಯುವುದೆಂದು ಅಲ್ಲಿಯೇ ಅವನ ತಲೆ ತೆಗೆಸಿದನಂತೆ. ನಾವು ದೊರೆಯ ಧರ್ಮಸಂಕಟವನ್ನು ಸಶಾಸ್ತ್ರವಾಗಿ ವಿವೇಚಿಸುತ್ತಿದ್ದೆವು. ಗೃಹಿಣಿಯು ಕೇಳುತ್ತಿದ್ದು, "ಅವನ ಹೆಂಡತಿಗೆ ಯಾರು ಹೋಗಿ ಹೇಳಿದರು?" ಎಂದಳು. ಯಾವ ಶಾಸ್ತ್ರದಲ್ಲಿಯೂ ನಮಗೆ ಉತ್ತರವು ಹೊಳೆಯಲಿಲ್ಲ.

ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದ ಕೆರೆಯ ಕಡೆಯಿಂದ ಅವತಿ, ಇವೆರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುವುವು. ಅಲ್ಲಿಂದ ಹೊಸದುರ್ಗವನ್ನು ಹಾದು ಮಾರಿಕಣಿವೆಗೆ ಬಂದೆವು. ಎರಡು ಗುಡ್ಡಗಳ ನಡುವಣ ಕಣಿವೆಗೆ ಕಲ್ಲಿನ ಕಟ್ಟೆ. ವಾಣೀವಿಲಾಸ ಸನ್ನಿಧಾನದವರ ಹೆಸರು. ನೀರಿನ ಮಟ್ಟವು 130 ಅಡಿಯನ್ನು ಮುಟ್ಟಿದರೆ ಕೋಡಿ. ಗೃಹಿಣಿಯು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದು, "ಅಜ್ಜ ಹೇಳುತ್ತಿದ್ದಷ್ಟು ಅಬ್ಬರವಿಲ್ಲ" ಎಂದಳು. ಅಬ್ಬರವಿರಲಿಲ್ಲ, ತೆಳ್ಳನೆಯ ನೀರು ನಿಧಾನವಾಗಿ ಇಳಿಯುತ್ತಿತ್ತು. ಅದರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿಸಿದ ನೀರಿನ ಪಾಲೂ ಉಂಟೆಂದು ತಿಳಿಸಿದೆವು. "ಯಾವ ನದಿಯದಾದರೇನು, ನಮ್ಮೂರಿಗೆ ಬಂತಲ್ಲ" ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು.

ಆ ರಾತ್ರಿ ಆಕೆಯ ತಮ್ಮನ ಮನೆಯ ಅಂಗಳದಲ್ಲಿ ಡೇರೆ. ಮಕ್ಕಳು ನಮ್ಮನ್ನು ಹೊರಗೆ ಹಾಕಿ ತಾವೇ ಅದರಲ್ಲಿ ಮಲಗಿದುವು. ಮರುದಿನ ಶಿರಾ, ತುಮಕೂರುಗಳ ಮೇಲೆ ಹಿಂದಿರುಗಿದೆವು. ಪೆಟ್ರೋಲಿಗೆ ಸುಮಾರು 3,500 ರೂಪಾಯಿ, ಹಾಲು ತರಕಾರಿ ಕಾಫಿಗಳಿಗೆ 600, ಹೆದ್ದಾರಿಯ ಸುಂಕ ಬೇರೆ. ಹೊರಡುವ ವಾಚಕರು ದಪ್ಪನೆಯ ಕಂಬಳಿಯೊಂದನ್ನು ಮರೆಯದಿರಲಿ. ಮಲೆಯ ಚಳಿಗೆ ಜಮಖಾನವು ಸಾಲದು.