ಬಕೆಟ್ ಹೋಗಿ ಡಬ್ಬಿ ಬಂತು

ಜಿಯೋಕ್ಯಾಶಿಂಗ್ ಅಂದ್ರೆ ಜಿಪಿಎಸ್ ಹಿಡ್ಕೊಂಡು ಯಾರೋ ಬಚ್ಚಿಟ್ಟಿದ್ದನ್ನ ಹುಡುಕೋ ಆಟ. 2000ದ ಮೇ 3ರಂದು ಅಮೆರಿಕದ ಒರೆಗಾನ್‌ನಲ್ಲಿ ಡೇವ್ ಉಲ್ಮರ್ ಇಟ್ಟ ಮೊದಲನೇದು ಐದು ಗ್ಯಾಲನ್ ಬಕೆಟ್ಟು! ಒಳಗೆ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೀನ್ಸ್ ಕೂಡ. ಏನಾದ್ರೂ ತಗೋ, ಏನಾದ್ರೂ ಇಡು, ಹೆಸರು ಬರಿ... ಇಷ್ಟೇ ನಿಯಮ.

ಇಲ್ಲಿ ಸಿಯಾಟಲ್ ಸುತ್ತ ಈಗ ಎಲ್ಲಿ ನೋಡಿದ್ರೂ 'ಮೈಕ್ರೋ', ಅಂದ್ರೆ ಫಿಲಂ ರೋಲಿನ ಡಬ್ಬಿಯಷ್ಟು. 'ನ್ಯಾನೋ' ಅಂತೂ ಬೆರಳ ತುದಿಯಷ್ಟೇ. ಅಯಸ್ಕಾಂತದಿಂದ ಬೆಂಚಿನ ಕೆಳಗೆಲ್ಲೋ ಅಂಟ್ಕೊಂಡಿರತ್ತೆ. ಸುರುಳಿ ಚೀಟಿ ಬಿಟ್ರೆ ಒಳಗೆ ಏನೂ ಹಿಡಿಯಲ್ಲ. ಸಹಿ ಹಾಕಿ ಅದನ್ನ ಮತ್ತೆ ಸುತ್ತಿ ತುರುಕೋದೇ ಒಂದು ಸಾಹಸ ಕಣ್ರೀ!

ಪೇಟೆ ಮಧ್ಯೆ ಬಕೆಟ್ ಇಟ್ರೆ ಬಾಂಬ್ ಅಂದ್ಕೋತಾರೆ, ಒಪ್ಪಿದೆ. ಕಾಡಲ್ಲೂ ನ್ಯಾನೋ ಯಾಕಪ್ಪಾ? ಆರು ವರ್ಷದ ಅಕ್ಕನ ಮಗ ಬದಲಿಗೆ ಏನೋ ಸಿಗತ್ತೆ ಅಂತ ಜೇಬಲ್ಲಿ ಗೋಲಿ ಇಟ್ಕೊಂಡು ಬಂದಿದ್ದ. "ಮಾಮಾ, ಇದನ್ನ ಎಲ್ಲಿಡೋದು?" ಅಂದ.