ಹಡಗಿನ ಹೊಟ್ಟೆಗೆ ದಿನಕ್ಕೆ 60 ಲಾರಿ

ಟೈಟಾನಿಕ್ ಮುಳುಗಿದ ಕಥೆ ಮಕ್ಕಳಿಗೆಲ್ಲ ಬಾಯಿಪಾಠ. ಅದು ನಾಲ್ಕು ದಿನ ಓಡಿದ್ದು ಹೇಗೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಓಡಿದ್ದು ಕಲ್ಲಿದ್ದಲಿನಿಂದ. ಆ ಕಾಲದ ದೊಡ್ಡ ಪ್ರಯಾಣಿಕರ ಹಡಗುಗಳೆಲ್ಲ ಹಾಗೇ.

1912ರ ಆ ಹಡಗಿನಲ್ಲಿ 29 ಬಾಯ್ಲರುಗಳಿದ್ದವು, ಅವುಗಳಿಗೆ 159 ಒಲೆಗಳು. ಕಲ್ಲಿದ್ದಲು ಉರಿದು ನೀರು ಹಬೆಯಾಗಬೇಕು, ಹಬೆ ಇಂಜಿನ್ನನ್ನು ತಿರುಗಿಸಬೇಕು, ಇಂಜಿನ್ ನೀರಿನೊಳಗಿನ ಪ್ರೊಪೆಲ್ಲರನ್ನು ತಿರುಗಿಸಬೇಕು. ಅಜ್ಜ ಅಜ್ಜಿಯರು ಕಂಡ ಉಗಿಬಂಡಿಯದೂ ಇದೇ ತತ್ವ. ದಿನಕ್ಕೆ ಸುಮಾರು 600 ಟನ್ ಬೇಕು ಎಂದಾಗ ನನ್ನ ಮೊಮ್ಮಗಳಿಗೆ ಅದು ಎಷ್ಟೆಂದು ಅಂದಾಜಾಗಲಿಲ್ಲ. ಲೆಕ್ಕ ನನ್ನ ಹಳೆಯ ಕಸುಬು, ಕೂತು ಬಿಡಿಸಿದೆ. ಹತ್ತು ಟನ್ ಹೊರುವ ಲಾರಿಯಾದರೆ ದಿನಕ್ಕೆ 60 ಲಾರಿ. ಗಂಟೆಗೆ 25 ಟನ್. “ಅದನ್ನು ಯಾವ ಮೆಷಿನ್ ಹಾಕ್ತಿತ್ತು ಅಜ್ಜಾ?” ಎಂದಳು. ಯಾವ ಮೆಷಿನ್ನೂ ಇಲ್ಲ. ಸಲಿಕೆ, ಮತ್ತು ಮನುಷ್ಯರ ಕೈ.

ಕಲ್ಲಿದ್ದಲು ತುಂಬಿದ ಕತ್ತಲೆ ಕೋಣೆಗಳಿಗೆ ಬಂಕರ್ ಎಂದು ಹೆಸರು. ಅಲ್ಲಿಂದ ತಳ್ಳುಗಾಡಿಯಲ್ಲಿ ಕಲ್ಲಿದ್ದಲು ತಂದು ಒಲೆಯ ಮುಂದೆ ಸುರಿಯುವವನು ಟ್ರಿಮ್ಮರ್. ಒಂದೇ ಬದಿಯಿಂದ ತೆಗೆಯುತ್ತ ಹೋದರೆ ಹಡಗು ಇನ್ನೊಂದು ಬದಿಗೆ ವಾಲುತ್ತದೆ. ನಮ್ಮ ಲೆಡ್ಜರಿನ ಹಾಗೆ ಎರಡೂ ಕಡೆ ತಾಳೆಯಾಗಬೇಕು! ಒಲೆಗೆ ಎಸೆಯುವವನು ಫೈರ್‌ಮನ್. ಅದು ಬರೀ ತೋಳ್ಬಲದ ಕೆಲಸವೆಂದು ತಿಳಿಯಬೇಡಿ. ತೆಳ್ಳಗೆ, ಸಮನಾಗಿ ಹರಡಬೇಕು. ರಾಶಿ ಹಾಕಿದರೆ ಗಾಳಿಯಾಡದೆ ಹೊಗೆ ಏಳುತ್ತದೆ. ತಡಮಾಡಿದರೆ ಹಬೆ ಇಳಿಯುತ್ತದೆ. ಕರಗಿ ಗಟ್ಟಿಯಾದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ಎಳೆಯಬೇಕು. ಯಾವ ಒಲೆಗೆ ಯಾವಾಗ ಹಾಕಬೇಕೆಂದು ಕಿಲ್ರಾಯ್ ಎಂಬ ಉಪಕರಣ ಗಂಟೆ ಬಾರಿಸಿ, ಅಂಕಿ ತೋರಿಸುತ್ತಿತ್ತು. ಶಾಲೆಯ ಗಂಟೆಯಾದರೂ ಒಮ್ಮೊಮ್ಮೆ ಆಟಕ್ಕೆ ಬಿಡುತ್ತದೆ. ಇಲ್ಲಿ ನಾಲ್ಕು ಗಂಟೆ ಕಾಲ ಬೆಂಕಿಯ ಮುಂದೆ, ಎಂಟು ಗಂಟೆ ಬಿಡುವು, ಮತ್ತೆ ಬೆಂಕಿ. ಮೇಲಿನ ಅಂತಸ್ತಿನಲ್ಲಿ ಈಜುಕೊಳವಿತ್ತು, ವಾದ್ಯಗೋಷ್ಠಿಯಿತ್ತು. ಕೆಳಗಿನವರಿಗೆ ಅದರ ಸುಳಿವೂ ಇಲ್ಲ.

ಇನ್ನೊಂದು ಸ್ವಾರಸ್ಯ: ಚಿತ್ರದಲ್ಲಿ ಕಾಣುವ ನಾಲ್ಕು ಚಿಮಣಿಗಳಲ್ಲಿ ಬಾಯ್ಲರುಗಳ ಹೊಗೆ ಬರುತ್ತಿದ್ದದ್ದು ಮೂರರಿಂದ ಮಾತ್ರ.

ಆ ವರ್ಷ ಬ್ರಿಟನ್ನಿನ ಗಣಿ ಕೆಲಸಗಾರರು ಕನಿಷ್ಠ ಕೂಲಿಗಾಗಿ ಮುಷ್ಕರ ಹೂಡಿದ್ದರಿಂದ ಕಲ್ಲಿದ್ದಲಿಗೆ ಬರ ಬಂದಿತ್ತು. ಬೇರೆ ಹಡಗುಗಳ ಬಂಕರ್ ಬರಿದು ಮಾಡಿ ಟೈಟಾನಿಕ್ಕಿಗೆ ತುಂಬಿದರು. ಆ ಹಡಗುಗಳ ಕೆಲವು ಪ್ರಯಾಣಿಕರನ್ನೂ ಇದಕ್ಕೇ ವರ್ಗಾಯಿಸಿದರು.

ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಒಲೆಯ ಮುಂದೆ ನಿಂತವರು ನಮ್ಮ ದೇಶದವರು. ‘ಆಗ್‌ವಾಲಾ’ ಎಂದೇ ಅವರನ್ನು ಕರೆಯುತ್ತಿದ್ದರು. ಏಡನ್ ದಾಟಿದರೆ ಕೆಂಪು ಸಮುದ್ರ. ಹೊರಗೂ ಸೆಕೆ, ಒಳಗೂ ಬೆಂಕಿ. ಸಂಬಳ ಮಾತ್ರ ಬ್ರಿಟಿಷ್ ನಾವಿಕರಿಗಿಂತ ಎಷ್ಟೋ ಕಡಿಮೆ. ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು.

ಮೊದಲನೇ ಮಹಾಯುದ್ಧ ಮುಗಿದ ಮೇಲೆ ಟೈಟಾನಿಕ್ಕಿನ ಅಕ್ಕನಂತಿದ್ದ ಒಲಿಂಪಿಕ್ ಹಡಗಿಗೆ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಏರ್ಪಾಡು ಮಾಡಿದರು. ಕೊಳವೆಯಲ್ಲಿ ಎಣ್ಣೆ ತಾನೇ ಹರಿದು ಬರುತ್ತದೆ. ಕೆಳಗೆ ದುಡಿಯುವವರು ಸುಮಾರು 350ರಿಂದ 60ಕ್ಕೆ ಇಳಿದರು. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಲೆಡ್ಜರ್ ಬರೆಯುತ್ತಿದ್ದ ನಮ್ಮನ್ನು ಬೇರೆ ಕೌಂಟರಿನಲ್ಲಿ ಕೂರಿಸಿದರು. ಸಲಿಕೆ ಹಿಡಿದವರಿಗೆ ಆ ಹಡಗಿನಲ್ಲಿ ಬೇರೆ ಕೌಂಟರ್ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರಿಟೇನಿಯದಂಥ ದೊಡ್ಡ ಹಡಗುಗಳೂ ಎಣ್ಣೆಗೆ ಬದಲಾದವು.