ಬೇಲಿಯ ಗೌರಿ ಹೂ

ಜೂನ್ 8
ನಾಲ್ಕು ಮಳೆ ಬಿದ್ದದ್ದೇ ತಡ, ಬೇಲಿಯ ಬುಡದಲ್ಲಿ ಮೊಳಕೆ. ಹೋದ ವರ್ಷದ ಜಾಗದಲ್ಲಲ್ಲ, ಗೇಣು ಆಚೆಗೆ. ಬೇಸಿಗೆಯಿಡೀ ಅಲ್ಲಿ ಒಣಕಡ್ಡಿಯೂ ಇರಲಿಲ್ಲ. ಸತ್ತೇ ಹೋಯಿತು ಅಂದುಕೊಂಡಿದ್ದೆ.

ಜೂನ್ 27
ಇದಕ್ಕೆ ಬೇರೆ ಕುಡಿಬಳ್ಳಿ ಇಲ್ಲ. ಎಲೆಯ ತುದಿಯೇ ದಾರದಷ್ಟು ಸಣ್ಣಗಾಗಿ ಸುರುಳಿ ಸುತ್ತುತ್ತದೆ. ನಿನ್ನೆ ಗಾಳಿಯಲ್ಲಿ ತೂಗುತ್ತಿದ್ದ ಎಲೆ ಇವತ್ತು ದಾಸವಾಳದ ಕಡ್ಡಿ ಹಿಡಿದಿದೆ. ಮೆಲ್ಲಗೆ ಬಿಡಿಸಲು ನೋಡಿದೆ. ಬಿಡಲಿಲ್ಲ.

ಜುಲೈ 19, ರಾತ್ರಿ
ಅಪ್ಪನ ಕಾಲಿನ ಹೆಬ್ಬೆರಳು ಮತ್ತೆ ಕೆಂಪಗೆ ಊದಿದೆ. ಹೊದಿಕೆ ತಾಗಿದರೂ ನರಳುತ್ತಾರೆ. ಗೌಟ್. 0.5 ಮಿಲಿಗ್ರಾಂನ ಪುಟ್ಟ ಮಾತ್ರೆ, ಕಾಲ್ಚಿಸಿನ್. ಹೇಳಿದ್ದಕ್ಕಿಂತ ಒಂದೂ ಹೆಚ್ಚು ಕೊಡಬೇಡಿ ಅಂತ ಡಾಕ್ಟರು ಎರಡು ಸಲ ಹೇಳಿದರು. ಅದೇ ವಸ್ತು ನಮ್ಮ ಬೇಲಿಯಲ್ಲಿದೆ. ಗೆಡ್ಡೆ, ಬೀಜ, ಎಲೆ, ಎಲ್ಲದರಲ್ಲೂ. ಅಲ್ಲಿ ಅಳತೆ ಹೇಳುವವರಿಲ್ಲ.

ಆಗಸ್ಟ್ 11
ಮೊದಲ ಹೂ. ಮೊಗ್ಗು ತಲೆ ತಗ್ಗಿಸಿತ್ತು. ಅರಳುವಾಗ ಆರೂ ದಳಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಂತವು. ಅಂಚೆಲ್ಲ ಗುಂಗುರು. ಬುಡ ಹಳದಿ, ತುದಿ ಕೆಂಪು. ಆರು ಕೇಸರಗಳು ಸುತ್ತಲೂ ಚಾಚಿವೆ. ಶಲಾಕೆ ಮಾತ್ರ ಬುಡದಲ್ಲೇ ಸೊಂಟ ಮುರಿದ ಹಾಗೆ ಪಕ್ಕಕ್ಕೆ ತಿರುಗಿದೆ. ತನ್ನದೇ ಪರಾಗದಿಂದ ದೂರ ಇರಲಿಕ್ಕೋ ಏನೋ.

ಆಗಸ್ಟ್ 15
ಆ ಹೂವಿನಲ್ಲಿ ಈಗ ಹಳದಿ ಹೆಚ್ಚು ಉಳಿದಿಲ್ಲ. ತಂಗಿಯ ಫೋನ್. ಹಬ್ಬಕ್ಕೆ ಬರುತ್ತಾಳಂತೆ. ಪುಟ್ಟನಿಗೆ ಒಂದೂವರೆ ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ. “ಅಣ್ಣಾ, ಆ ಬಳ್ಳಿ ಕಿತ್ತುಬಿಡೋ.” ಹ್ಞೂಂ ಅಂದೆ.

ಆಗಸ್ಟ್ 25
ಕಿತ್ತಿಲ್ಲ. ಹನ್ನೊಂದು ಹೂ. ಅಪ್ಪ ಕೋಲೂರಿಕೊಂಡು ಬೇಲಿವರೆಗೆ ಬಂದರು. “ನಾಳೆ ಗೌರಿಗೆ ಮೂರು ಸಾಕು” ಅಂದರು. ಅಷ್ಟು ದೂರ ನಡೆದದ್ದು ತಿಂಗಳ ಮೇಲೆ ಇವತ್ತೇ.

ಆಗಸ್ಟ್ 26
ಬೆಳಿಗ್ಗೆ ಬಳ್ಳಿಯ ಸುತ್ತ ತಂತಿಬಲೆ ಕಟ್ಟಿದೆ. ಮೂರು ಹೂ ಕೊಯ್ದೆ, ಎರಡು ಸಲ ಕೈ ತೊಳೆದೆ. ಪುಟ್ಟ ದೇವರ ಮುಂದೆ ಕೂತು ಆ ಕೆಂಪನ್ನೇ ನೋಡುತ್ತಿದ್ದ. ತಂಗಿ ಅವನನ್ನು ಸೊಂಟದಿಂದ ಇಳಿಸಲೇ ಇಲ್ಲ ಆಮೇಲೆ. ನನ್ನ ಜೊತೆ ಮಾತೂ ಕಡಿಮೆ. ತಪ್ಪು ನನ್ನದೇ.

ನವೆಂಬರ್ 16
ಬಳ್ಳಿ ಒಣಗಿದೆ. ಕಾಯಿ ಮೂರು ಸೀಳಾಗಿ ಬಿರಿದು, ಒಳಗೆ ಸಾಲಾಗಿ ಕೆಂಪು ಬೀಜ. ಮಗುವಿನ ಬೆರಳಿಗೆ ಹೇಳಿ ಮಾಡಿಸಿದ ಗಾತ್ರ. ನೋಡಿ ಎದೆ ಧಸಕ್ಕೆಂದಿತು.

ಗುದ್ದಲಿ ತಂದು ಅಗೆದೆ. ಹಳೇ ಗೆಡ್ಡೆ ಸೊರಗಿ ಬರೀ ಸಿಪ್ಪೆ. ಅದರ ಜಾಗದಲ್ಲಿ ಹೊಸ ಗೆಡ್ಡೆ, ಎರಡು ಕವಲು, ನೇಗಿಲಿನ ಬಾಗು. ಲಾಂಗಲಿ ಅನ್ನುವ ಸಂಸ್ಕೃತದ ಹೆಸರು ಕೈಯಲ್ಲಿ ಹಿಡಿದಾಗ ಅರ್ಥವಾಯಿತು. ಮೊಳೆಯುವ ಕಣ್ಣು ಕವಲಿನ ತುದಿಯಲ್ಲಿ ಮಾತ್ರ. ಜೂನ್‌ನಲ್ಲಿ ಗೇಣು ಆಚೆ ಎದ್ದದ್ದು ಹೀಗೆ. ಆ ತುದಿ ಚಿವುಟಿದರೆ ಮುಗಿಯಿತು. ಉಗುರು ಅಲ್ಲಿವರೆಗೆ ಹೋಯಿತು.

ರಾತ್ರಿ 9
ಬೀಜ ಸುಟ್ಟೆ. ಗೆಡ್ಡೆ ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. “ಕಿತ್ತೆ” ಅಂತ ತಂಗಿಗೆ ಮೆಸೇಜ್ ಹಾಕಿದೆ. ಇಷ್ಟೇ ಹೇಳಿದೆ.

ಅಪ್ಪ ಊಟಕ್ಕೆ ಕೂತಾಗ ಕೇಳಿದರು, ಬೇಲಿ ಯಾಕೋ ಖಾಲಿ ಕಾಣುತ್ತಲ್ಲ ಅಂತ.